ಹೆಬ್ಬೆಟ್ಟು ಒತ್ತುವ ಮೊದಲು

ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ 'ನಿಮ್ಜ್' ಕೈಗಾರಿಕಾ ವಲಯಕ್ಕೆಂದು ಸುಮಾರು 12,600 ಎಕರೆ ಗೊತ್ತುಮಾಡಿರುವುದನ್ನು ನಮ್ಮ ರೈತ ಬಾಂಧವರು ಬಲ್ಲರು. 2015ರಲ್ಲಿ ತೆಲಂಗಾಣ ಸರ್ಕಾರ 123ನೆಯ ಆದೇಶ ಹೊರಡಿಸಿ, ಒಪ್ಪಿದವರಿಂದ ಹೊಲವನ್ನು ನೇರವಾಗಿ ಕೊಳ್ಳತೊಡಗಿತು. ಒಪ್ಪಿಗೆಯೆಂಬ ಮಾತೇನೋ ಚೆಂದ. ಆದರೆ ಕರಾರಿನಲ್ಲಿದ್ದುದು ಪಟ್ಟೇದಾರನ ಹೆಸರು. ಅದೇ ಹೊಲದಲ್ಲಿ ಕಳೆ ತೆಗೆದು ಹೊಟ್ಟೆ ಹೊರೆದವರ ಹೆಸರಲ್ಲ. ಕೂಲಿಕಾರರು ಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆದೇಶವನ್ನು ರದ್ದುಪಡಿಸಿತು. 2017ರ ತಿದ್ದುಪಡಿ ಕರಾರಿನ ದಾರಿಯನ್ನು ಮತ್ತೆ ತೆರೆಯಿತು.

ಅಮೆರಿಕದ ಚಿಪ್ಪೆವಾ ಜನರೂ 1837ರಲ್ಲಿ ತಮ್ಮ ಸೀಮೆಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟವರೇ. ಆದರೆ ಬೇಟೆ, ಮೀನು, ಕಾಡುಭತ್ತ ಇವುಗಳ ಹಕ್ಕನ್ನು ಕರಾರಿನಲ್ಲಿ ಬರೆಯಿಸಿಕೊಂಡಿದ್ದರು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆ ಹಕ್ಕು ಇನ್ನೂ ಉಂಟೆಂದು ತೀರ್ಪಿತ್ತಿತು. ಅವರನ್ನು ಕಾದದ್ದು ಆ ಒಂದು ಕಲಮು.

ನಮಗೆ ಇನ್ನೊಂದು ತೊಡಕೂ ಉಂಟು. 1956ರಲ್ಲಿ ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡ, ಗುಲ್ಬರ್ಗದ ತಾಂಡೂರು ಆಂಧ್ರಕ್ಕೆ ಸೇರಿದವು. ಬರಬರುತ್ತಾ ಹೊಲದ ಕಾಗದಗಳು ತೆಲುಗಿಗೆ ತಿರುಗಿದವು. ಆದ್ದರಿಂದ ಕರಾರನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಯಾರೂ ಹೆಬ್ಬೆಟ್ಟು ಒತ್ತಬಾರದೆಂದು ನಮ್ಮ ಬಿನ್ನಹ. ಮೂರು ವರ್ಷ ಅಲ್ಲಿ ದುಡಿದು ಬದುಕಿದ ಕೂಲಿಯ ಕುಟುಂಬವನ್ನೂ 2013ರ ಭೂಸ್ವಾಧೀನ ಕಾನೂನು ಬಾಧಿತರ ಲೆಕ್ಕಕ್ಕೆ ಹಿಡಿಯುತ್ತದೆ. ಆ ಹೆಸರುಗಳು ಪಟ್ಟಿಯಲ್ಲಿ ಇವೆಯೇ ಎಂದು ಪಟ್ಟೇದಾರನೇ ಮೊದಲು ಕೇಳಲಿ.