ಪೆನ್ನು ಬೇಲೂರಿನಲ್ಲಿ, ವಾರಂಟಿ ಬೆಂಗಳೂರಿನಲ್ಲಿ

ಬಾಲ್ ಪೆನ್ನು ಬಂದ ಮೇಲೆ ಮೂಲೆ ಸೇರಿದ್ದ ಇಂಕ್ ಪೆನ್ನು ಈಗ ಉಡುಗೊರೆಯ ಡಬ್ಬಿಯಲ್ಲಿ ಕೂತು ಮತ್ತೆ ನಮ್ಮ ಊರುಗಳಿಗೆ ಬರುತ್ತಿದೆ. ಅರಸೀಕೆರೆಯಲ್ಲಿ ಮೇಷ್ಟ್ರೊಬ್ಬರು ನಿವೃತ್ತರಾದರೆ, ಬೇಲೂರಿನಲ್ಲೊಬ್ಬ ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ, ಹಳೇಬೀಡಿನ ಬ್ಯಾಂಕಿನಿಂದ ಮ್ಯಾನೇಜರು ವರ್ಗವಾಗಿ ಹೊರಟರೆ, ಶಾಲು ಹಾರದ ಜೊತೆಗೆ ಒಂದು ಒಳ್ಳೆಯ ಪೆನ್ನು ಕೊಡುವ ರೂಢಿ ಇನ್ನೂ ಇದೆ. ಆ ಡಬ್ಬಿಯೊಳಗೆ ಮಡಿಸಿಟ್ಟ ಒಂದು ವಾರಂಟಿ ಚೀಟಿಯೂ ಇರುತ್ತದೆ. ಅದರಲ್ಲಿ ಎರಡು ವರ್ಷ, ಮೂರು ವರ್ಷ, ಕೆಲವೊಮ್ಮೆ ಜೀವನಪರ್ಯಂತ ಎಂದು ಬರೆದಿರುತ್ತದೆ. ಚೀಟಿಯಲ್ಲಿ ವರ್ಷ ಹೆಚ್ಚಿದ್ದಷ್ಟೂ ಪೆನ್ನು ಗಟ್ಟಿ ಎಂದು ಕೊಳ್ಳುವವರು ನಂಬುತ್ತಾರೆ, ಮಾರುವವರು ನಂಬಿಸುತ್ತಾರೆ. ಈ ನಂಬಿಕೆ ತಪ್ಪು ಎನ್ನುವುದು ನನ್ನ ವಾದ. ಬಾಳಿಕೆ ಒಂದು ಗುಣ, ವಾರಂಟಿ ಒಂದು ಕರಾರು. ಸೇವಾ ಕೇಂದ್ರವೇ ಇಲ್ಲದ ತಾಲ್ಲೂಕು ಕೇಂದ್ರದಲ್ಲಿ ಬದುಕುವ ಗ್ರಾಹಕನಿಗೆ ಆ ಕರಾರಿನ ಬೆಲೆ ನಿಂತಿರುವುದು ಅದನ್ನು ವಸೂಲು ಮಾಡಿಕೊಳ್ಳಲು ಎಷ್ಟು ದೂರ ಹೋಗಬೇಕು ಎಂಬುದರ ಮೇಲೆ.

ಮೊದಲು ಪೆನ್ನನ್ನೇ ಬಿಚ್ಚಿ ನೋಡೋಣ. ಕೆಡುವ ಭಾಗಗಳು ಅದರಲ್ಲಿ ಬಹಳ ಇಲ್ಲ. ನಿಬ್ಬು ಸ್ಟೇನ್‌ಲೆಸ್ ಸ್ಟೀಲಿನದು ಇಲ್ಲವೇ 14 ಕ್ಯಾರಟ್ ಚಿನ್ನದ್ದು. ಅದರ ತುದಿಗೆ ಬೆಸೆದಿರುವ ಪುಟ್ಟ ಗುಂಡು ಆಸ್ಮಿಯಂ, ರುಥೇನಿಯಂನಂಥ ಅತಿ ಗಡಸು ಲೋಹಗಳ ಮಿಶ್ರಣ. ಹಳೆಯ ರೂಢಿಯಿಂದ ಅದನ್ನು ಇರಿಡಿಯಂ ಎಂದೇ ಕರೆಯುತ್ತಾರೆ. ದಿನವೂ ಬರೆದರೂ ಅದು ಸವೆಯಲು ಹಲವು ವರ್ಷ ಬೇಕು, ಆದರೆ ಮೇಜಿನಿಂದ ತಲೆಕೆಳಗಾಗಿ ಬಿದ್ದರೆ ನಿಬ್ಬು ಒಂದೇ ಏಟಿಗೆ ಸೊಟ್ಟಗಾಗುತ್ತದೆ. ನಿಬ್ಬಿನ ಕೆಳಗಿನ ನಾಲಿಗೆ ಇಂಕನ್ನು ಸಣ್ಣ ಗೀರುಗಳ ಮೂಲಕ ಇಳಿಸಿ, ಅಷ್ಟೇ ಗಾಳಿಯನ್ನು ಒಳಗೆ ಬಿಡುತ್ತದೆ. ಇಂಕು ಒಣಗಿದರೆ ಅದು ಕಟ್ಟಿಕೊಳ್ಳುತ್ತದೆ, ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಇಂಕು ಹೀರುವ ರಬ್ಬರ್ ಚೀಲ ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ, ಅದರ ಜಾಗಕ್ಕೆ ಈಗ ಬಂದಿರುವ ಕನ್ವರ್ಟರಿನ ಒಳಗಿನ ಬಿರಡೆ ಸಡಿಲವಾಗುತ್ತದೆ. ಮುಚ್ಚಳ ತಿರುಪಿನ ಮರೆಯ ಹತ್ತಿರ ಸೀಳುತ್ತದೆ, ಕ್ಲಿಪ್ಪು ಬಿಗಿ ಕಳೆದುಕೊಳ್ಳುತ್ತದೆ. ಈಗ ಇದನ್ನು ವಾರಂಟಿ ಚೀಟಿಯ ಸಣ್ಣ ಅಕ್ಷರಗಳ ಪಕ್ಕದಲ್ಲಿಟ್ಟು ಓದಬೇಕು. ಸಾಮಾನ್ಯವಾಗಿ ಅದು ಒಪ್ಪಿಕೊಳ್ಳುವುದು ತಯಾರಿಕೆಯ ದೋಷವನ್ನು ಮಾತ್ರ. ಬಿದ್ದದ್ದು, ಸವೆದದ್ದು, ಬೇರೆ ಇಂಕು ತುಂಬಿದ್ದು, ಬೇರೆಯವರು ಬಿಚ್ಚಿದ್ದು ಯಾವುದೂ ಅದರೊಳಗೆ ಬರುವುದಿಲ್ಲ. ತಯಾರಿಕೆಯ ದೋಷ ಎಂದರೆ ಓರೆಯಾಗಿ ಕೂರಿಸಿದ ನಿಬ್ಬು, ಕೆರೆಯುವ ತುದಿ, ಅಕ್ಷರ ಬಿಟ್ಟು ಬಿಟ್ಟು ಬರೆಯುವ ನಾಲಿಗೆ. ಇವೆಲ್ಲ ಮೊದಲ ವಾರದಲ್ಲೇ ಗೊತ್ತಾಗುತ್ತವೆ. ಐದನೆಯ ವರ್ಷ, ಹತ್ತನೆಯ ವರ್ಷ ಪೆನ್ನನ್ನು ಮೂಲೆಗೆ ತಳ್ಳುವ ಕಾರಣಗಳು ಬಹುಪಾಲು ಚೀಟಿಯ ಹೊರಗೇ ಉಳಿಯುತ್ತವೆ.

ವಾರಂಟಿಯನ್ನು ಮಾರಾಟದ ಮಾತಾಗಿ ಮಾಡಿದ ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕದ ಶೀಫರ್ ಕಂಪನಿ 1920ರಲ್ಲಿ ದಪ್ಪ ಚಿನ್ನದ ನಿಬ್ಬಿನ ‘ಲೈಫ್‌ಟೈಮ್’ ಪೆನ್ನನ್ನು ತಂದು, ಕೊಂಡವರ ಆಯಸ್ಸಿನುದ್ದಕ್ಕೂ ಗ್ಯಾರಂಟಿ ಎಂದು ಸಾರಿತು. ಆ ಗ್ಯಾರಂಟಿಯ ಗುರುತಾಗಿ 1924ರಿಂದ ಮುಚ್ಚಳದ ಮೇಲೆ ಬಿಳಿ ಚುಕ್ಕೆ ಬಂತು. 1921ರಲ್ಲಿ ಬಂದ ಪಾರ್ಕರ್ ಡ್ಯೂಫೋಲ್ಡ್ ಪೆನ್ನಿಗೆ ಜಾಹೀರಾತುಗಳು 25 ವರ್ಷದ ಗ್ಯಾರಂಟಿ ಹೇಳಿದವು. ಆಮೇಲೆ ಪಾರ್ಕರ್ ಕೂಡ ನೀಲಿ ವಜ್ರದ ಗುರುತು ಹಾಕಿ ಜೀವನಪರ್ಯಂತದ ಭರವಸೆಗೆ ಇಳಿಯಿತು. ಆದರೆ ಪೆನ್ನನ್ನು ರಿಪೇರಿಗೆ ಕಳಿಸಿದರೆ ಪ್ರತಿ ಸಲವೂ ಅಂಚೆ, ವಿಮೆ, ನಿರ್ವಹಣೆಯ ಹೆಸರಿನಲ್ಲಿ 35 ಸೆಂಟ್ ಕೊಡಬೇಕಾಗಿತ್ತು. ಶುಲ್ಕ ಕೇಳುವ ಗ್ಯಾರಂಟಿಯನ್ನು ಬೇಷರತ್ ಎಂದು ಹೇಳಬಾರದು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1940ರ ದಶಕದಲ್ಲಿ ಆಕ್ಷೇಪ ಎತ್ತಿತು. ಪಾರ್ಕರ್ ಕಂಪನಿಯ ಮೊಕದ್ದಮೆ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು. 35 ಸೆಂಟ್ ದೊಡ್ಡ ಮೊತ್ತವಲ್ಲ ನಿಜ. ಆದರೂ ಆ ತಕರಾರು ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಗ್ಯಾರಂಟಿಯನ್ನು ದಕ್ಕಿಸಿಕೊಳ್ಳಲು ಗ್ರಾಹಕ ತೆರುವ ವೆಚ್ಚ ಎಷ್ಟು ಎಂದು ಕೇಳದೆ ಗ್ಯಾರಂಟಿಗೆ ಬೆಲೆ ಕಟ್ಟಲಾಗುವುದಿಲ್ಲ. ಅರಸೀಕೆರೆಯಿಂದ ಬೆಂಗಳೂರಿಗೋ ಮುಂಬಯಿಗೋ ಕೊರಿಯರ್ ಮಾಡುವ ಖರ್ಚು, ವಾರಗಟ್ಟಲೆ ಕಾಯುವುದು, ಫೋನಿನಲ್ಲಿ ಅಪರಿಚಿತ ಭಾಷೆಯಲ್ಲಿ ವಿವರಿಸುವುದು, ಇವೆಲ್ಲ ನಮ್ಮ ಕಾಲದ 35 ಸೆಂಟ್.

ಹಾಗಾದರೆ ನಿಜವಾಗಿ ಬಾಳಿದ ಪೆನ್ನುಗಳು ಯಾವುವು? 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ಈಗಲೂ ಎಷ್ಟೋ ಜನರ ಕೈಯಲ್ಲಿ ಬರೆಯುತ್ತಿದೆ. ಅದರ ಮೈ ಅಕ್ರಿಲಿಕ್‌ನದು, ನಿಬ್ಬು ಒಳಗೆ ಮುಚ್ಚಿಕೊಂಡಿರುವುದರಿಂದ ಬೇಗ ಒಣಗುವುದಿಲ್ಲ. 1948ರಿಂದ ರಬ್ಬರಿನ ಬದಲು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿದ ಪೆನ್ನುಗಳಲ್ಲಿ ಆ ಚೀಲವೇ ಇಂದಿಗೂ ಕೆಲಸ ಮಾಡುವುದುಂಟು. ಅದಕ್ಕೆ ಕೊಟ್ಟಿದ್ದ ಗ್ಯಾರಂಟಿಯ ಕಾಗದಗಳು ಯಾವತ್ತೋ ಮಾಯವಾಗಿವೆ. ಪೆನ್ನು ಉಳಿದದ್ದು ವಸ್ತುವಿನ ಆಯ್ಕೆಯಿಂದ, ಬಿಚ್ಚಿ ಜೋಡಿಸಲು ಬರುವ ರಚನೆಯಿಂದ. ನಮ್ಮ ನೆರೆಯ ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಅವರು ಗಾಂಧೀಜಿಯ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದ ಮೊದಲಲ್ಲಿ ಮಾಡಲು ತೊಡಗಿದ ಎಬೊನೈಟ್ ಪೆನ್ನುಗಳೂ ಹಾಗೆಯೇ. ಎಬೊನೈಟ್ ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು. ಅದನ್ನು ಲೇತಿನಲ್ಲಿ ಕಡೆಯಬಹುದು, ಮರೆ ಕೊರೆಯಬಹುದು, ನಾಲಿಗೆಯನ್ನು ಬಿಸಿ ನೀರಿನಲ್ಲಿ ಅದ್ದಿ ನಿಬ್ಬಿಗೆ ಹೊಂದುವಂತೆ ಒತ್ತಬಹುದು. ಡ್ರಾಪರಿನಿಂದ ನೇರವಾಗಿ ಮೈಯೊಳಗೇ ಇಂಕು ತುಂಬುವ ಈ ಪೆನ್ನುಗಳಲ್ಲಿ ಚೀಲವಿಲ್ಲ, ಕನ್ವರ್ಟರಿಲ್ಲ, ಅಂದಮೇಲೆ ಅವು ಕೆಡುವ ಮಾತೂ ಇಲ್ಲ. ಕೈಯ ಬಿಸಿಗೆ ಆಗೀಗ ಇಂಕು ಕಕ್ಕುತ್ತವೆ ಎಂಬ ದೂರು ನ್ಯಾಯವಾದದ್ದೇ. ಆದರೂ ನಿಬ್ಬು ಕೆಟ್ಟರೆ ನಿಬ್ಬನ್ನೇ, ನಾಲಿಗೆ ಕೆಟ್ಟರೆ ನಾಲಿಗೆಯನ್ನೇ ಬದಲಾಯಿಸಲು ಬರುವ ಪೆನ್ನು ಇದು.

ಸರಿಪಡಿಸಲು ಬರುವ ವಸ್ತುವೇ ಬಾಳುತ್ತದೆ ಎಂಬ ಮಾತಿಗೆ ನಮ್ಮ ಕಣ್ಣೆದುರಿಗೇ ಸಾಕ್ಷಿಯಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ವಿಗ್ರಹಗಳ ಅಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅರಸೀಕೆರೆಯ ಹತ್ತಿರದ ಹಾರನಹಳ್ಳಿಯಲ್ಲಿ, ಇನ್ನೂ ಹಲವು ಹೊಯ್ಸಳ ಗುಡಿಗಳಲ್ಲಿ ಶಿಲ್ಪಿ ಮಲ್ಲಿತಮ್ಮನ ಕೈಕೆಲಸವಿದೆ. ಕೆಲಸ ತನ್ನದು ಎಂದು ಕಲ್ಲಿನ ಮೇಲೇ ಒಪ್ಪಿಕೊಳ್ಳುವ ಈ ನಡೆಯಲ್ಲಿ ಹೊಣೆಗಾರಿಕೆಯೂ ಇದೆ, ಹೆಮ್ಮೆಯೂ ಇದೆ. ಆದರೆ ಗುಡಿ ಒಂಬೈನೂರು ವರ್ಷ ಉಳಿದದ್ದು ಹೆಸರು ಕೆತ್ತಿದ್ದರಿಂದಲೇ ಅಲ್ಲ. ಪ್ರವೇಶದ್ವಾರ ಹಾಳಾದಾಗ ಇಮ್ಮಡಿ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಮತ್ತೆ ಕಟ್ಟಿಸಿದ. ಭಾರ ತಾಳಲು ಒಳಗೆ ಹೊಸ ಕಂಬಗಳನ್ನು ನಿಲ್ಲಿಸಿದರು. ಕಾಲಕಾಲಕ್ಕೆ ಯಾರೋ ಕೈಹಚ್ಚಿ ಸರಿಪಡಿಸಿದ್ದರಿಂದ, ಸರಿಪಡಿಸಲು ಬೇಕಾದ ಕಲ್ಲೂ ಕಸುಬೂ ಕೈಗೆಟುಕುವ ದೂರದಲ್ಲಿದ್ದುದರಿಂದ ಅದು ನಿಂತಿದೆ. ಗುಡಿಗೆ ಸಲ್ಲುವ ಈ ಮಾತು ಜೇಬಿನ ಪೆನ್ನಿಗೂ ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ದೀರ್ಘ ವಾರಂಟಿ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇರಲೇಬೇಕಲ್ಲವೇ? ಕಳಪೆ ಪೆನ್ನಿಗೆ ಹತ್ತು ವರ್ಷದ ಭರವಸೆ ಕೊಟ್ಟವನು ದಿವಾಳಿಯಾಗುತ್ತಾನೆ, ಆದ್ದರಿಂದ ವರ್ಷಗಳ ಸಂಖ್ಯೆಯೇ ಗುಣಮಟ್ಟದ ಸೂಚನೆ ಎಂದು ಅರ್ಥಶಾಸ್ತ್ರ ಓದಿದವರು ಹೇಳುತ್ತಾರೆ. ಎಲ್ಲ ಗ್ರಾಹಕರೂ ತಮ್ಮ ಹಕ್ಕನ್ನು ಚಲಾಯಿಸುವ ಕಡೆ ಈ ವಾದ ನಿಲ್ಲುತ್ತದೆ. ಹಕ್ಕು ಚಲಾಯಿಸುವುದೇ ದುಬಾರಿಯಾದ ಕಡೆ ಕಂಪನಿಗೆ ಭರವಸೆ ಅಗ್ಗವಾಗುತ್ತದೆ. ಚೀಟಿಗೆ ಅಂಗಡಿಯ ಮೊಹರು ಬಿದ್ದಿಲ್ಲ, ಬಿಲ್ಲು ಕಳೆದುಹೋಗಿದೆ, ಕೊರಿಯರ್ ಖರ್ಚು ಭಯ ಹುಟ್ಟಿಸುತ್ತದೆ, ಹೀಗಾಗಿ ಎಷ್ಟೋ ಜನ ಕೇಳುವುದೇ ಇಲ್ಲ. ಉಡುಗೊರೆಯ ಪೆನ್ನಿನ ಗತಿ ಇನ್ನೂ ಕಷ್ಟ. ಬಿಲ್ಲು ಕೊಟ್ಟವರ ಬಳಿ ಉಳಿದಿರುತ್ತದೆ, ಪಡೆದವರು ಸಂಕೋಚದಿಂದ ಕೇಳುವುದಿಲ್ಲ. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಕಾನೂನು ದುರ್ಬಲವಾಗಿದೆ ಎಂದು ನಾನು ಹೇಳುತ್ತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಣ್ಣ ಊರಿನವರಿಗೆ ದೊಡ್ಡ ಅನುಕೂಲ ಮಾಡಿದೆ. ಕಂಪನಿ ಎಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹಾಗೆಂದರೆ ಹಳೇಬೀಡಿನವರು ದೆಹಲಿಯ ಕಂಪನಿಯ ಮೇಲೆ ಹಾಸನದಲ್ಲೇ ದಾವೆ ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಆನ್‌ಲೈನಿನಲ್ಲಿ ಸಲ್ಲಿಸಲು ದಾರಿಯಿದೆ, ಎರಡು ವರ್ಷದ ಒಳಗೆ ದೂರು ಕೊಡಬೇಕು ಅಷ್ಟೆ. ಬಿಲ್ಲು ಕೊಡದಿರುವುದನ್ನು, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಮರಳಿಸಲು ಒಪ್ಪದಿರುವುದನ್ನು ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ತಕ್ಕ ಪರೀಕ್ಷೆ ಮಾಡದೆ ವಸ್ತುವಿನ ಆಯುಷ್ಯದ ಬಗ್ಗೆ ಗ್ಯಾರಂಟಿ ಕೊಡುವುದೂ ಆ ಪಟ್ಟಿಯಲ್ಲಿದೆ. ಪರೀಕ್ಷೆ ಮಾಡಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಹಾಗೆ ಹೇಳಿಕೊಳ್ಳುವವರದೇ. ಆದರೆ ಮೂರು ಸಾವಿರ ರೂಪಾಯಿಯ ಪೆನ್ನಿಗಾಗಿ ಅರಸೀಕೆರೆಯಿಂದ ನಲವತ್ತು ಕಿಲೋಮೀಟರ್ ದೂರದ ಹಾಸನಕ್ಕೆ ಎಷ್ಟು ಸಲ ಓಡಾಡುವುದು? ದಿನಗೂಲಿ, ರಜೆ, ಬಸ್ ಚಾರ್ಜು ಸೇರಿಸಿದರೆ ಪೆನ್ನಿನ ಬೆಲೆಯನ್ನು ಮೀರುತ್ತದೆ. ಆಯೋಗದ ಬಾಗಿಲು ತೆರೆದಿರುವುದು ಅಗತ್ಯ, ಆದರೆ ಸಣ್ಣ ವಸ್ತುಗಳ ನ್ಯಾಯ ಬಗೆಹರಿಯಬೇಕಾದದ್ದು ಅಂಗಡಿಯ ಗಲ್ಲೆಯ ಮುಂದೆ.

ಕಂಪನಿಗಳ ಕಡೆಯಿಂದ ಬರುವ ಉತ್ತರವನ್ನೂ ಕೇಳಿಸಿಕೊಳ್ಳಬೇಕು. ಬೀಳಿಸಿದವರು ಅವರು, ದಂಡ ತೆರುವವರು ನಾವೇ? ಪ್ರತಿ ತಾಲ್ಲೂಕಿನಲ್ಲೂ ಸೇವಾ ಕೇಂದ್ರ ತೆರೆದರೆ ಪೆನ್ನಿನ ಬೆಲೆ ಏರುವುದಿಲ್ಲವೇ? ಮೊದಲ ಮಾತು ಸರಿ. ಬೀಳಿಸಿದ ನಿಬ್ಬನ್ನು ಪುಕ್ಕಟೆ ಬದಲಿಸಿಕೊಡಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ದುಡ್ಡು ಕೊಟ್ಟರೂ ನಿಬ್ಬು ಸಿಗದಂತೆ ಮಾಡುವುದು ನ್ಯಾಯವೇ? ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬಿಡಿಭಾಗ ನಿಲ್ಲಿಸಿಬಿಟ್ಟರೆ, ನೂರಾರು ರೂಪಾಯಿಯ ಭಾಗಕ್ಕಾಗಿ ಸಾವಿರಾರು ರೂಪಾಯಿಯ ವಸ್ತು ಕಸವಾಗುತ್ತದೆ. ಎರಡನೆಯ ಮಾತಿಗೂ ಉತ್ತರವಿದೆ. ಯಾರೂ ಹೊಸ ಕೇಂದ್ರ ಕೇಳುತ್ತಿಲ್ಲ. ಪೆನ್ನು ಮಾರಿದ ಅಂಗಡಿಯೇ ಕೆಟ್ಟ ಪೆನ್ನನ್ನು ಪಡೆದು, ರಸೀದಿ ಕೊಟ್ಟು, ಮುಂದಿನ ಸರಕಿನ ಜೊತೆ ಕಂಪನಿಗೆ ಕಳಿಸಲಿ. ವಾರಂಟಿ ಅವಧಿಯಲ್ಲಿ ಸಾಗಣೆಯ ಖರ್ಚು ಕಂಪನಿಯದಾಗಿರಲಿ. ಮಾಲು ತರುವ ದಾರಿಯಲ್ಲೇ ದೂರೂ ಹೋಗಲಿ ಎನ್ನುವುದರಲ್ಲಿ ದುಬಾರಿಯೇನಿದೆ? ಐವತ್ತು ರೂಪಾಯಿಯ ಪೆನ್ನಿಗೆ ಇದೆಲ್ಲ ಬೇಡ, ಅದಕ್ಕೆ ಯಾರೂ ವಾರಂಟಿ ಕೇಳುವುದೂ ಇಲ್ಲ. ವಾರಂಟಿಯನ್ನೇ ಬೆಲೆಗೆ ಕಾರಣವಾಗಿ ತೋರಿಸಿ ಮಾರುವ ಪೆನ್ನುಗಳ ವಿಷಯ ನಾನು ಹೇಳುತ್ತಿರುವುದು.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆದಾಗ ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ಯಂತ್ರ, ವಾಹನಗಳನ್ನು ಆರಿಸಿಕೊಂಡಿತು. ಮೊದಲ ಹೆಜ್ಜೆಗೆ ಅದು ಸರಿಯಾದ ಆಯ್ಕೆ. ತೆಂಗಿನ ತೋಟದ ಮೋಟರು ಕೆಟ್ಟಾಗ ಆಗುವ ನಷ್ಟಕ್ಕೂ ಪೆನ್ನು ಕೆಟ್ಟಾಗ ಆಗುವ ನಷ್ಟಕ್ಕೂ ಹೋಲಿಕೆ ಇಲ್ಲ. ಆದರೆ ತತ್ವ ಒಂದೇ ಆದ್ದರಿಂದ ಪೆನ್ನು, ಗಡಿಯಾರದಂಥ ಸಣ್ಣ ವಸ್ತುಗಳೂ ಅದರೊಳಗೆ ಬರಬೇಕು. ವಾರಂಟಿ ಎಷ್ಟು ವರ್ಷ ಎಂಬುದರ ಪಕ್ಕದಲ್ಲೇ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆ ಎಷ್ಟು ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವುದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಕೊಳ್ಳುವವರು ಮಾಡಬಹುದಾದ ಕೆಲಸವಿದೆ. ಅಂಗಡಿಯಲ್ಲೇ ಇಂಕಿನಲ್ಲಿ ಅದ್ದಿ ಬರೆದು ನೋಡಿ. ಬಿಲ್ಲು ಕೇಳಿ ಪಡೆಯಿರಿ, ಚೀಟಿಗೆ ತಾರೀಕು ಮೊಹರು ಹಾಕಿಸಿ, ಉಡುಗೊರೆಯಾದರೆ ಬಿಲ್ಲಿನ ನಕಲನ್ನೂ ಡಬ್ಬಿಯಲ್ಲಿಡಿ. ತಕರಾರಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ಹಣ ಎಣಿಸುವ ಮೊದಲು ಎರಡು ಪ್ರಶ್ನೆ ಕೇಳಿ. ನಿಬ್ಬು ಬಿಡಿಯಾಗಿ ಸಿಗುತ್ತದೆಯೇ? ಕೆಟ್ಟರೆ ಇದೇ ಅಂಗಡಿಯಲ್ಲಿ ತಗೊಳ್ಳುತ್ತೀರಾ? ಎರಡಕ್ಕೂ ಹೌದು ಎನ್ನದ ಅಂಗಡಿಯಲ್ಲಿ, ಡಬ್ಬಿಯ ಮೇಲೆ ಎಷ್ಟೇ ವರ್ಷ ಬರೆದಿದ್ದರೂ, ಆ ಪೆನ್ನನ್ನು ಕೊಳ್ಳಬೇಡಿ.