ಮದ್ದಿನ ಅಳತೆ ಯಾರ ಕೈಯಲ್ಲಿ?

ಶಕ್ತಿನಗರ (ರಾಯಚೂರು): ಇಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಗುರುತಿಸಲ್ಪಡುವ ಈ ಕೃಷ್ಣಾ ತೀರದ ಸೀಮೆಯಲ್ಲಿ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನ ಮತ್ತು ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಸೇನೆಗಳು ಕಾದಾಡಿದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವೃತ್ತಾಂತದ ಪ್ರಕಾರ ಆದಿಲ್‌ಶಾಹಿ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ಆದರೆ ರಾಯನ ಮರುದಾಳಿಯನ್ನು ಅದೇ ಫಿರಂಗಿಗಳು ತಡೆಯಲಿಲ್ಲ. ಪ್ರತಿ ಬಾರಿಯೂ ಮದ್ದನ್ನು ಅಳೆದು, ಜಡಿದು, ಮೇಲೆ ಗುಂಡು ಇಳಿಸಲು ಹಿಡಿಯುತ್ತಿದ್ದ ಕಾಲವೇ ಅವುಗಳಿಗೆ ಮುಳುವಾಯಿತೆಂಬುದು ಇತಿಹಾಸಕಾರ ರಿಚರ್ಡ್ ಈಟನ್ ಅವರ ವಿಶ್ಲೇಷಣೆ.

ಐದು ಶತಮಾನಗಳ ನಂತರವೂ ಕೈಯಿಂದ ಮದ್ದು ಅಳೆಯುವ ಕ್ರಮ ರಾಜ್ಯದಲ್ಲಿ ನಿಂತಿಲ್ಲ. ಮಲೆನಾಡು, ಕೊಡಗುಗಳಲ್ಲಿ ಬೆಳೆ ಕಾಯುವ ಕೇಪಿನ ಕೋವಿಗಳಿಗೆ ಈಡು ತುಂಬುವವನು ರೈತನೇ. ಒಂದು ಚಿಟಿಕೆ ಹೆಚ್ಚು ಹಾಕಿದರೆ ಗುಂಡು ಇನ್ನಷ್ಟು ದೂರ ಹೋದೀತು ಎಂಬ ನಂಬಿಕೆ ಸಹಜವೇ ಆದರೂ ಅದು ಅರ್ಧ ಸತ್ಯ ಮಾತ್ರ.

ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ತಳ್ಳುತ್ತದೆ. ಗುಂಡು ನಳಿಗೆ ಬಿಟ್ಟೊಡನೆ ಆ ತಳ್ಳುವಿಕೆಯೂ ಮುಗಿಯಿತು. ಅಷ್ಟರೊಳಗೆ ಉರಿಯದ ಮದ್ದು ಹೊಗೆಯಾಗಿ, ಕಿಡಿಯಾಗಿ ವ್ಯರ್ಥವಾಗುತ್ತದೆ. ದಶಕಗಳ ಕಾಲ ನಮ್ಮ ಪೊಲೀಸರ ಹೆಗಲ ಮೇಲಿದ್ದ .303 ರೈಫಲ್‌ನ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂಥ ಹೊಗೆರಹಿತ ಮದ್ದಿನ ತೋಟಾಗಳಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮದ್ದು ಶೇ. 1ರಷ್ಟು ಹೆಚ್ಚಿದರೆ ವೇಗವೂ ಹೆಚ್ಚೆಂದರೆ ಅಷ್ಟೇ ಏರುತ್ತದೆ. ನಳಿಗೆಯೊಳಗಿನ ಒತ್ತಡವಾದರೋ ಸುಮಾರು ಶೇ. 2ರಷ್ಟು ಏರುತ್ತದೆ. ಗಳಿಕೆ ಅಲ್ಪ, ಅಪಾಯ ಇಮ್ಮಡಿ. ಗಳಿಸಿದ ವೇಗವನ್ನೂ ಗಾಳಿ ಬೇಗ ಕಸಿದುಕೊಳ್ಳುತ್ತದೆ. ಕೇಪಿನ ಕೋವಿಯ ಉರುಟು ಗುಂಡಿನ ವಿಷಯದಲ್ಲಂತೂ ಈ ನಷ್ಟ ಇನ್ನೂ ಹೆಚ್ಚು.

ಕಪ್ಪು ಮದ್ದಿಗೆಂದು ಮಾಡಿದ ಕೋವಿಗೆ ಅದೇ ಅಳತೆಯ ಹೊಗೆರಹಿತ ಮದ್ದು ತುಂಬಿದರೆ ನಳಿಗೆಯೇ ಸಿಡಿಯಬಹುದು. ಅಳತೆ ಸರಿಯಿದ್ದೂ ಮದ್ದಿಗೂ ಗುಂಡಿಗೂ ನಡುವೆ ತೆರಪು ಉಳಿದರೆ ಅಪಾಯ ತಪ್ಪಿದ್ದಲ್ಲ. ಪುಣೆ ಬಳಿಯ ಖಡಕಿಯಂಥ ಕಾರ್ಖಾನೆಗಳಲ್ಲಿ ತೋಟಾಗಳು ತೂಕ, ಒತ್ತಡ, ವೇಗಗಳ ಪರೀಕ್ಷೆ ದಾಟಿ ಹೊರಬರುತ್ತವೆ. ಕ್ರಮಬದ್ಧವಾಗಿ ತಯಾರಾದ ಬಂದೂಕಿನ ನಳಿಗೆಯನ್ನೂ ಮಾಮೂಲಿಗಿಂತ ಬಿರುಸಾದ ತೋಟಾ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತಲಾಗುತ್ತದೆ. ಕಳ್ಳತನದಿಂದ ತಯಾರಾಗುವ ನಾಡಬಂದೂಕಿನ ಕೊಳವೆಗೆ ಅಂಥ ಪರೀಕ್ಷೆ ಎಲ್ಲಿಯದು?

ಕಾನೂನು ಈ ವಿಷಯದಲ್ಲಿ ಸಡಿಲವಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಅಕ್ರಮವಾಗಿ ಶಸ್ತ್ರ ಅಥವಾ ಮದ್ದುಗುಂಡು ತಯಾರಿಸಿದವರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯುಂಟು. ಹಿಂದೆ ಇದು 3ರಿಂದ 7 ವರ್ಷವಿತ್ತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ಮದ್ದುಗುಂಡು ತಯಾರಿಕೆಗಲ್ಲ ಎಂಬುದನ್ನು ಮರೆಯುವಂತಿಲ್ಲ.

ಹೀಗಿದ್ದೂ ನಮ್ಮಲ್ಲಿ ಚರ್ಚೆಯೆಲ್ಲ ಕೋವಿ ಯಾರ ಬಳಿ ಇರಬೇಕು, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಬೇಕೇ ಬೇಡವೇ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ಪರವಾನಗಿ ನೋಡುವ ಅಧಿಕಾರಿ ನಳಿಗೆಯೊಳಗೂ ಇಣುಕಬೇಕಲ್ಲವೇ? 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಮುನ್ನ ಸುರಕ್ಷತಾ ತರಬೇತಿಯನ್ನು ಕಡ್ಡಾಯಗೊಳಿಸಿವೆ. ಅಪ್ಪನಿಂದ ಮಗನಿಗೆ ಬಂದ ಹಳೆಯ ಕೋವಿಯ ನಳಿಗೆ ತುಕ್ಕು ತಿಂದು ತೆಳ್ಳಗಾಗಿದ್ದರೆ ಅಜ್ಜನ ಕಾಲದ ಅಳತೆಯೂ ಅದಕ್ಕೆ ಹೆಚ್ಚಾದೀತು. ಪರವಾನಗಿ ನವೀಕರಣದ ದಿನ ಇಂಥ ಕೋವಿಗಳನ್ನು ಆರ್ಮರರ್‌ಗಳಿಂದ ಪರಿಶೀಲಿಸಿ, ಯಾವ ಮದ್ದು, ಎಷ್ಟು ಅಳತೆ ಎಂದು ಮಾಲೀಕನಿಗೆ ಬರೆದುಕೊಟ್ಟರೆ ಖಜಾನೆಗೆ ದೊಡ್ಡ ಹೊರೆಯೇನೂ ಆಗದು. ಪರವಾನಗಿಯೇ ಬೇಡದ ಕೊಡಗಿನ ಕೋವಿಗಳಿಗೆ ಬೇರೆ ವ್ಯವಸ್ಥೆ ಬೇಕಾಗುತ್ತದೆ. ಅಲ್ಲಿನ ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯಲಿದ್ದು, ಅದರ ಮುಂದುವರಿಕೆಯ ಮಾತುಕತೆಯಲ್ಲಿ ನಳಿಗೆಯ ತಪಾಸಣೆಯನ್ನೂ ಸೇರಿಸಲು ಕೇಂದ್ರ ಗೃಹ ಸಚಿವಾಲಯಕ್ಕೆ ಅವಕಾಶವಿದೆ.