ಮೂರು ರಾತ್ರಿಯ ವಾಸಕ್ಕೆ ಏಳು ರಾತ್ರಿಯ ಲೆಕ್ಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ದೂರವಾಣಿ ಮಾಡಿ, "ಸಾರ್, ಟೈಮ್‌ಶೇರ್ ಸದಸ್ಯತ್ವವೊಂದನ್ನು ಕೊಳ್ಳಬೇಕೆಂದಿದ್ದೇನೆ. ಇಪ್ಪತ್ತೈದು ವರ್ಷ, ವರ್ಷಕ್ಕೆ ಒಂದು ವಾರ. ಅವರ ರೆಸಾರ್ಟ್ ಬೇಡವೆಂದರೆ ಆ ವಾರವನ್ನು ವಿನಿಮಯ ಮಾಡಿಕೊಂಡು ಪ್ರಪಂಚದ ಎಲ್ಲಿಯಾದರೂ ಇರಬಹುದಂತೆ. ನೀವೂ ತೆಗೆದುಕೊಂಡಿದ್ದಿರಲ್ಲ, ಹೇಗಿದೆ?" ಎಂದು ಕೇಳಿದರು. ದೂರವಾಣಿಯಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಗಣಿತ ಕಲಿಸಿದವನು ಲೆಕ್ಕದಲ್ಲಿಯೇ ಸೋತ ಕಥೆಯಿದು. ನಕ್ಕರೆ ನನ್ನ ಆಕ್ಷೇಪವಿಲ್ಲ. ಪೂರ್ತಿ ಓದಿ ನಗಬೇಕು, ಅಷ್ಟೆ.

ನಾನು ನಿವೃತ್ತನಾದದ್ದು 2004ರಲ್ಲಿ. ಗ್ರಾಚ್ಯುಟಿಯ ಹಣದಲ್ಲಿ ಒಂದು ಭಾಗವನ್ನು 2006ರಲ್ಲಿ ಇಂಥದೊಂದು ಸದಸ್ಯತ್ವಕ್ಕೆ ಹಾಕಿದೆ. ಹೋಟೆಲೊಂದರ ಹವಾನಿಯಂತ್ರಿತ ಸಭಾಂಗಣದಲ್ಲಿ ಕೂರಿಸಿ, ಕಾಫಿ ಕೊಟ್ಟು, ಬೆಟ್ಟ, ಸಮುದ್ರ, ಹಿಮಗಳ ಚಿತ್ರಗಳನ್ನು ತೋರಿಸಿದರು. ಎರಡು ಗಂಟೆಯ ನಂತರ ಸಹಿ ಹಾಕಿ ಎದ್ದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಎರಡು ಬಾರಿ ಓದಿ ಎಂದು ನಿಮಗೆಲ್ಲ ಉಪದೇಶಿಸಿದವನು ಆ ದಿನ ಒಪ್ಪಂದಪತ್ರವನ್ನು ಒಂದು ಬಾರಿಯೂ ಓದಲಿಲ್ಲ. ಈ ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

2016ರಲ್ಲಿ ನಾವಿಬ್ಬರೂ ಅಟ್ಲಾಂಟದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಫ್ಲಾರಿಡಾದ ಕೆನೆಡಿ ಬಾಹ್ಯಾಕಾಶ ಕೇಂದ್ರವನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ನಾನು ಉಪಾಧ್ಯಾಯನಾಗಿ ಒಂದು ತಿಂಗಳಾಗಿತ್ತು. ನನ್ನ ಮೊದಲ ತಂಡದ ವಿದ್ಯಾರ್ಥಿಗಳಿಗೆ ಆ ದಿನದ ಪಾಠ ನೆನಪಿರಬಹುದು. ಅಲ್ಲಿಂದ ಸುಮಾರು ಒಂದು ಗಂಟೆಯ ಹಾದಿಯಲ್ಲಿರುವ ಒರ್‌ಲ್ಯಾಂಡೊ ನಗರದಲ್ಲಿ ಟೈಮ್‌ಶೇರ್ ವಸತಿಗಳಿಗೆ ಲೆಕ್ಕವಿಲ್ಲ. ನನ್ನ ವಾರವನ್ನು ಒಂದು ವಿನಿಮಯ ಸಂಸ್ಥೆಗೆ ಜಮಾ ಮಾಡಿ ಅಲ್ಲೊಂದು ಮನೆ ಕೇಳಿದೆ. ಮಗಳಿಗೆ ಕೆಲಸದಲ್ಲಿ ರಜೆ ಸಿಕ್ಕಿದ್ದು ವಾರಾಂತ್ಯವೂ ಸೇರಿ ನಾಲ್ಕು ದಿನ. ಆದ್ದರಿಂದ ಮೂರು ರಾತ್ರಿ ಸಾಕೆಂದೆ.

ಉತ್ತರ ಬಂತು: ಮೂರು ರಾತ್ರಿ ಇರುವುದಕ್ಕೆ ಅಡ್ಡಿಯಿಲ್ಲ, ಆದರೆ ಜಮಾ ಮಾಡಿದ ವಾರ ಪೂರ್ತಿ ಖರ್ಚಾಗುತ್ತದೆ, ವಿನಿಮಯ ಶುಲ್ಕವೂ ಪೂರ್ತಿ ಡಾಲರಿನಲ್ಲಿ ಕೊಡತಕ್ಕದ್ದು.

ಶನಿವಾರ ಸಂಜೆ ಹೋದೆವು. ಮನೆ ಚೆನ್ನಾಗಿಯೇ ಇತ್ತು. ಅಡುಗೆಮನೆಯಲ್ಲಿ ನನ್ನಾಕೆ ಉಪ್ಪಿಟ್ಟು ಮಾಡಿದಳು. 110 ಮೀಟರ್ ಉದ್ದದ ಸ್ಯಾಟರ್ನ್ ರಾಕೆಟ್ ಮಲಗಿರುವ ಕಟ್ಟಡದಲ್ಲಿ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದೆ. ಮಂಗಳವಾರ ಬೆಳಗ್ಗೆ ಕೀಲಿ ಹಿಂದಿರುಗಿಸುವಾಗ, "ಉಳಿದ ನಾಲ್ಕು ರಾತ್ರಿ ಏನಾಗುತ್ತದೆ?" ಎಂದು ಮಗಳ ಮೂಲಕ ಕೇಳಿಸಿದೆ. ಅಲ್ಲಿದ್ದ ಹುಡುಗಿ ನಗುತ್ತಲೇ ಹೇಳಿದಳು: "ಅದು ನಿಮ್ಮದೇ. ಖಾಲಿ ಇರುತ್ತದೆ." ಫ್ರಿಜ್ಜಿನಲ್ಲಿ ಅರ್ಧ ಕ್ಯಾನ್ ಹಾಲು ಉಳಿದಿತ್ತು, ಅದನ್ನೂ ಬಿಟ್ಟು ಬಂದೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ದುಂದುಗಾರನಿಗೆ. ಕಾಲು ಚಿಕ್ಕದಾಗಿದ್ದರೂ ಉದ್ದದ ಹಾಸಿಗೆಯನ್ನೇ ಕೊಳ್ಳು, ಉಳಿದದ್ದನ್ನು ಧೂಳಿಗೆ ಬಿಡು ಎಂಬ ಹೊಸ ಗಾದೆಯನ್ನು ನಾನು ಕಲಿತದ್ದು ಒರ್‌ಲ್ಯಾಂಡೊದಲ್ಲಿ.

ನಾನು ವ್ಯವಹರಿಸಿದ ಸಂಸ್ಥೆಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜಗಳವಿರುವುದು ಅವರು ಬಳಸುವ ಅಳತೆಗೋಲಿನೊಂದಿಗೆ. ಆ ಅಳತೆಗೋಲು ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ನೋಡೋಣ.

ಟೈಮ್‌ಶೇರ್ ಪದ್ಧತಿ ಮೊದಲು ತಲೆಯೆತ್ತಿದ್ದು 1960ರ ದಶಕದ ಯೂರೋಪಿನಲ್ಲಿ. ಅಮೆರಿಕದಲ್ಲಿ ಅದು ಬೆಳೆದಾಗ ಒಂದು ಮನೆಯ ವರ್ಷವನ್ನು 52 ವಾರಗಳಾಗಿ ಕತ್ತರಿಸಿ, ದುರಸ್ತಿಗೆಂದು ಒಂದೆರಡು ವಾರ ಉಳಿಸಿಕೊಂಡು, ಮಿಕ್ಕವನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಮಾರಿದರು. ಪ್ರತಿವರ್ಷ ಅದೇ ಊರು, ಅದೇ ವಾರ! ಜನರಿಗೆ ಬೇಸರ ಬರದಿದ್ದೀತೇ? ಆ ಬೇಸರವೇ ವಿನಿಮಯದ ಬಂಡವಾಳ. 1974ರಲ್ಲಿ ಇಂಡಿಯಾನಾದ ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿಗಳು ಆರ್‌ಸಿಐ ಸಂಸ್ಥೆಯನ್ನೂ, 1976ರಲ್ಲಿ ಬೇರೆಯವರು ಇಂಟರ್‌ವಲ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನೂ ಆರಂಭಿಸಿದರು. ನಿನ್ನ ವಾರ ನನಗೆ, ನನ್ನ ವಾರ ನಿನಗೆ. ಎರಡು ಕಡೆಯೂ ವಾರವೇ ಇದ್ದಾಗ ಈ ಏರ್ಪಾಡು ನ್ಯಾಯವಾಗಿಯೇ ಇತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಕೊಡುವುದು ಏಳು, ಪಡೆಯುವುದು ಮೂರು ಎಂದಾದಾಗ ಅದು ವಿನಿಮಯವೆನಿಸಿಕೊಳ್ಳುವುದು ಹೇಗೆ? ಎಂಟನೆಯ ತರಗತಿಯಲ್ಲಿ ತ್ರೈರಾಶಿ ಕಲಿಸಿದ್ದೆನಲ್ಲ, ನೆನಪಿಸಿಕೊಳ್ಳಿ. ಉದಾಹರಣೆಗೆ, ವಾರ್ಷಿಕ ನಿರ್ವಹಣಾ ಶುಲ್ಕ 14,000 ರೂಪಾಯಿ ಎಂದಿಟ್ಟುಕೊಳ್ಳೋಣ. ಏಳು ರಾತ್ರಿ ಇದ್ದವನಿಗೆ ರಾತ್ರಿಗೆ 2,000. ಮೂರು ರಾತ್ರಿ ಇದ್ದವನಿಗೆ ಸುಮಾರು 4,667. ಇದಕ್ಕೆ ವಿನಿಮಯ ಶುಲ್ಕವನ್ನು ಸೇರಿಸಿ, ಮೊದಲು ಕೊಟ್ಟ ದೊಡ್ಡ ಮೊತ್ತದ ಇಪ್ಪತ್ತೈದನೆಯ ಒಂದು ಭಾಗವನ್ನೂ ಸೇರಿಸಿ. ಆಮೇಲೆ ಅದೇ ಊರಿನ ಸಾಧಾರಣ ಹೋಟೆಲಿನ ಬಾಡಿಗೆಯನ್ನು ಪಕ್ಕದಲ್ಲಿ ಬರೆದು ನೋಡಿ. ಉತ್ತರ ನಿಮಗೇ ಸಿಗುತ್ತದೆ.

ಇದಕ್ಕೆ ಅವರು ಕೊಡುವ ಸಮಾಧಾನಗಳು ನನಗೆ ಗೊತ್ತಿವೆ. ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: ಮೂರು ರಾತ್ರಿಯಿರಲಿ, ಏಳಿರಲಿ, ಮನೆಯನ್ನು ಶುಚಿಮಾಡುವ ಖರ್ಚು ಒಂದೇ. ಒಪ್ಪಿದೆ. ಹಾಗಾದರೆ ಆ ಖರ್ಚನ್ನು ಪ್ರತ್ಯೇಕವಾಗಿ ಪಡೆಯಿರಿ. ಕಸ ಗುಡಿಸಿದ್ದಕ್ಕೆ ನಾಲ್ಕು ರಾತ್ರಿಗಳನ್ನೇ ಕೂಲಿಯಾಗಿ ಇಟ್ಟುಕೊಳ್ಳುವುದು ಯಾವ ಊರಿನ ನ್ಯಾಯ?

ಎರಡನೆಯದು: ಮುರಿದ ವಾರದ ಚೂರು ರಾತ್ರಿಗಳನ್ನು ಯಾರಿಗೂ ಕೊಡಲಾಗದು. ಇದು ನಿಜವಲ್ಲ. ಅನೇಕ ರೆಸಾರ್ಟುಗಳು ಇದೇ ಕೊಠಡಿಗಳನ್ನು ಹೊರಗಿನವರಿಗೆ ದಿನಬಾಡಿಗೆಗೆ ಕೊಡುತ್ತವೆ. ಹೊರಗಿನವನಿಗೆ ಒಂದೊಂದು ರಾತ್ರಿಯನ್ನೂ ಎಣಿಸಿ ಮಾರಬಲ್ಲವರಿಗೆ ಸದಸ್ಯನ ರಾತ್ರಿಗಳನ್ನು ಎಣಿಸಲು ಮಾತ್ರ ಬೆರಳಿಲ್ಲವೇ?

ಮೂರನೆಯದು: ಪದ್ಧತಿಯೇ ಹಾಗಿದೆ, ಬದಲಿಸಲು ಬಾರದು. ಬದಲಿಸಿದವರಿದ್ದಾರೆ. ಆರ್‌ಸಿಐ 2000ದಲ್ಲಿಯೇ ಅಂಕಗಳ ಪದ್ಧತಿಯನ್ನು ತಂದಿತು. ಅದರಲ್ಲಿ ವಾರಕ್ಕಿಂತ ಕಡಿಮೆ ದಿನಗಳ ವಾಸಕ್ಕೂ ಅವಕಾಶವುಂಟು. 2010ರಲ್ಲಿ ಅದರ ವಾರದ ಪದ್ಧತಿಯಲ್ಲಿಯೂ ಒಂದು ಸುಧಾರಣೆಯಾಯಿತು: ಹೆಚ್ಚು ಬೆಲೆಯ ವಾರವನ್ನು ಕೊಟ್ಟು ಕಡಿಮೆ ಬೆಲೆಯದನ್ನು ಪಡೆದರೆ ಉಳಿದ ಮೌಲ್ಯ ಸದಸ್ಯನ ಖಾತೆಗೆ ಜಮೆಯಾಗತೊಡಗಿತು. ಶೆಟ್ಟರ ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಹತ್ತರ ಸಾಮಾನು ಕೊಂಡರೆ ಚಿಲ್ಲರೆ ಬರುವಂತೆ. ಇಂಟರ್‌ವಲ್‌ನಲ್ಲಿ ಒಂದರಿಂದ ಆರು ರಾತ್ರಿಗಳ ಅಲ್ಪವಾಸ ವಿನಿಮಯವೆಂಬುದೇ ಇದೆ. ಆದರೆ ಅದು ಹೆಚ್ಚಿನ ಹಣ ತೆತ್ತ ಮೇಲ್ದರ್ಜೆಯ ಸದಸ್ಯರಿಗೆ. ಅಂದಮೇಲೆ ಅಸಾಧ್ಯವೆಂಬ ಮಾತು ಬಿದ್ದುಹೋಯಿತು. ಅಂಕಗಳ ಪದ್ಧತಿಯೂ ದೋಷರಹಿತವಲ್ಲ; ವಾರಾಂತ್ಯದ ರಾತ್ರಿಗಳಿಗೆ ಹೆಚ್ಚು ಅಂಕ ಬೇಡುವುದುಂಟು, ವಾರ್ಷಿಕ ಶುಲ್ಕವಂತೂ ತಪ್ಪುವುದಿಲ್ಲ. ಆದರೂ ಅಲ್ಲಿ ಎಣಿಕೆಯಾದರೂ ಇದೆ.

ಈ ವಿಚಾರ ನನ್ನನ್ನು ಏಕೆ ಇಷ್ಟು ಕಾಡುತ್ತದೆಂದರೆ, ವಾರವೆಂಬ ಈ ಅಳತೆ ಯಾರನ್ನು ಕಂಡು ಹೊಲಿದ ಅಂಗಿ ಎಂದು ಯೋಚಿಸಿದ್ದೇನೆ. ಗಟ್ಟಿಮುಟ್ಟಾದ ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಂದು ಕಾರು, ಕೈತುಂಬ ರಜೆ. ಅಮೆರಿಕದಲ್ಲಿ ಖಾಸಗಿ ನೌಕರರಿಗೆ ವೇತನಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನು ಸಹ ಇಲ್ಲ. ನನ್ನ ಮಗಳಂಥವರು ಒಂದೊಂದು ದಿನವನ್ನೂ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಾರೆ. ಅಂಥ ನಾಡಿನಲ್ಲಿಯೇ ವಿಹಾರದ ಕನಿಷ್ಠ ಅಳತೆ ಏಳು ರಾತ್ರಿ! ಇನ್ನು ನಮ್ಮಂಥ ಮುದುಕರ ಪಾಡು ಕೇಳಬೇಡಿ. ನನ್ನಾಕೆಗೆ ಮೊಣಕಾಲಿನ ನೋವು, ಸಕ್ಕರೆ ಕಾಯಿಲೆ. ಎರಡು ಮೂರು ದಿನಕ್ಕಿಂತ ಹೆಚ್ಚು ಊರು ಬಿಟ್ಟಿರಬೇಡಿರೆಂದು ವೈದ್ಯರ ಅಪ್ಪಣೆ. ಕಳೆದ ವರ್ಷ ಕೇರಳದ ಹಿನ್ನೀರನ್ನು ನೋಡಬೇಕೆಂದಳು. ಎರಡು ರಾತ್ರಿಗೆ ವಿನಿಮಯ ಕೇಳಿದೆ. ಮತ್ತೆ ಅದೇ ಉತ್ತರ, ಅದೇ ಏಳು. ಕೊನೆಗೆ ಆ ವರ್ಷದ ನಿರ್ವಹಣಾ ಶುಲ್ಕವನ್ನು ಕಟ್ಟಿದ ರಸೀದಿಯನ್ನು ಬೀರುವಿನಲ್ಲಿಟ್ಟು, ಅಲಪ್ಪುಳದ ಒಂದು ಲಾಡ್ಜಿನಲ್ಲಿ ಬೇರೆ ಹಣ ಕೊಟ್ಟು ಇದ್ದು ಬಂದೆವು. ನಮ್ಮ ಸದಸ್ಯತ್ವ ಮುಗಿಯುವುದು 2031ಕ್ಕೆ. ವಯಸ್ಸಾದಂತೆ ವಾಸದ ದಿನಗಳು ಕಡಿಮೆಯಾಗುತ್ತವೆ, ಶುಲ್ಕ ಹೆಚ್ಚಾಗುತ್ತದೆ. ಇಪ್ಪತ್ತೈದು ವರ್ಷದ ಒಪ್ಪಂದ ಬರೆಯುವವರಿಗೆ ಸದಸ್ಯ ಮುದುಕನಾಗುತ್ತಾನೆಂಬುದು ತಿಳಿಯದೇ?

"ನೀವೇ ಸಹಿ ಹಾಕಿದ್ದೀರಲ್ಲ" ಎಂಬುದು ಅವರ ಕೊನೆಯ ಬಾಣ. ಹೌದು, ಹಾಕಿದ್ದೇನೆ. ಆದರೆ ಸಹಿಯೊಂದೇ ಎಲ್ಲವನ್ನೂ ನ್ಯಾಯವಾಗಿಸುವುದಿಲ್ಲವೆಂದು ಕಾನೂನೇ ಹೇಳುತ್ತದೆ. ಯೂರೋಪಿನ ಒಕ್ಕೂಟದ 2008ರ ನಿರ್ದೇಶನದಂತೆ ಟೈಮ್‌ಶೇರ್ ಒಪ್ಪಂದಗಳಿಂದಲೂ ವಿನಿಮಯ ಒಪ್ಪಂದಗಳಿಂದಲೂ 14 ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನ್ಯಾಯದ ಒಪ್ಪಂದವೆಂದರೇನೆಂದು ವಿವರಿಸಿದೆ. ಗ್ರಾಹಕನಿಗೆ ತೊಡಕಾಗುವಂತೆ ಅಸಮಂಜಸವಾದ ಶುಲ್ಕವನ್ನೋ ಷರತ್ತನ್ನೋ ಹೇರುವುದೂ ಅದರಲ್ಲಿ ಸೇರಿದೆ. ಅಂಥ ದೂರನ್ನು ರಾಜ್ಯ ಆಯೋಗದ ಮುಂದೆ ಒಯ್ಯಬಹುದು. ನನ್ನ ವಯಸ್ಸಿಗೆ ಆ ಅಲೆದಾಟ ಬೇಡವೆನಿಸಿದೆ. ನಿಮ್ಮಲ್ಲಿ ವಕೀಲರಾದವರು ಆರೇಳು ಮಂದಿ ಇದ್ದೀರಿ, ಯೋಚಿಸಿ ನೋಡಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬಳಸದ ರಾತ್ರಿಗಳನ್ನು ಸದಸ್ಯನ ಲೆಕ್ಕಕ್ಕೆ ಹಿಂದಿರುಗಿಸಬೇಕು. ವಿನಿಮಯ ಶುಲ್ಕ ವಾಸದ ದಿನಗಳಿಗೆ ಅನುಗುಣವಾಗಿರಬೇಕು. ಈ ನಿಯಮಗಳನ್ನು ಸಹಿಗೆ ಮೊದಲು ಸದಸ್ಯನ ಭಾಷೆಯಲ್ಲಿ, ನಮ್ಮ ನಾಡಿನಲ್ಲಾದರೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದುಕೊಡಬೇಕು.

ದೂರವಾಣಿ ಮಾಡಿದ ಶಿಷ್ಯರಿಗೆ ನನ್ನ ಉತ್ತರವಿದು. ವರ್ಷಕ್ಕೊಮ್ಮೆ ಪೂರ್ತಿ ವಾರ ರಜೆ ಸಿಗುವ ಸಂಸಾರ ನಿಮ್ಮದಾದರೆ ಇದರಿಂದ ಉಪಯೋಗವಾದೀತು. ನನ್ನ ತಮ್ಮನ ಮಗ ಸುಖವಾಗಿ ಬಳಸುತ್ತಿದ್ದಾನೆ. ಆದರೆ ಹಣ ಕೊಡುವ ಮೊದಲು ಇಷ್ಟನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ: ವಿನಿಮಯದಲ್ಲಿ ಕನಿಷ್ಠ ಎಷ್ಟು ರಾತ್ರಿ? ಉಳಿದ ರಾತ್ರಿಗಳ ಗತಿಯೇನು? ಶುಲ್ಕ ಯಾವ ನಾಣ್ಯದಲ್ಲಿ? ವಾರವನ್ನು ಎಷ್ಟು ತಿಂಗಳು ಮೊದಲು ಜಮಾ ಮಾಡಬೇಕು? ನಿರ್ವಹಣಾ ಶುಲ್ಕದ ಏರಿಕೆಗೆ ಮಿತಿಯುಂಟೇ? ಮಧ್ಯದಲ್ಲಿ ಬಿಡಬೇಕೆಂದರೆ ಹೇಗೆ? ಅವರು ಕಾಫಿ ಕೊಟ್ಟರೆ ಕುಡಿಯಿರಿ, ಕಾಗದವನ್ನು ಮಾತ್ರ ಮನೆಗೆ ತಂದು ಓದಿ. "ಇವತ್ತೇ ಸಹಿ ಹಾಕಿದರೆ ರಿಯಾಯಿತಿ" ಎಂದರೆ ಎದ್ದು ಬನ್ನಿ.

ಇದನ್ನು ನನ್ನಾಕೆಗೆ ಓದಿ ಹೇಳಿದೆ. "ಉಪ್ಪಿಟ್ಟಿನ ವಿಷಯ ಯಾಕೆ ಬರೆದಿರಿ?" ಎಂದಳು. ಅದೊಂದನ್ನು ತೆಗೆಯಲು ಮನಸ್ಸು ಬರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವವಾಗಿದ್ದರೆ ನನಗೆ ಬರೆದು ತಿಳಿಸಿ.